ತಪ್ಪು ಹಿಡಿಯುವುದು, ಬೀಗ ತೆಗೆಯುವುದು: ಎಕ್ಸೆಪ್ಶನ್ ನಿರ್ವಹಣೆಯ ಎರಡು ವಂಶಾವಳಿಗಳು

ಮಂಗಳವೇಢೆ ತಾಲೂಕಿನ ಹುಲಜಂತಿಯಂಥ ಊರಿನ ಹಾಲಿನ ಡೇರಿಯಲ್ಲಿ ಲೆಕ್ಕದ ಪ್ರೋಗ್ರಾಂ ಒಂದಿದೆ ಎನ್ನೋಣ. ಅದು ಖಾತೆಯ ಫೈಲ್ ತೆರೆದು, ಬೇರೆಯವರು ಮುಟ್ಟದಂತೆ ಬೀಗ ಹಾಕಿ, ಲೀಟರ್ ಬರೆಯುವ ಕಡೆ ಅಕ್ಷರ ಕಂಡು ನಡುವೆಯೇ ನಿಂತಿತು. ಈಗ ತಪ್ಪನ್ನು ಯಾರು ವಿಚಾರಿಸಬೇಕು? ಹಾಕಿದ ಬೀಗವನ್ನು ಯಾರು ತೆಗೆಯಬೇಕು? ಎಕ್ಸೆಪ್ಶನ್ ನಿರ್ವಹಣೆಯ, ಅಂದರೆ ಹೀಗೆ ನಡುವೆ ಎದ್ದ ತಪ್ಪನ್ನು ಸಂಭಾಳಿಸುವ ಏರ್ಪಾಡಿನ, ಇತಿಹಾಸವನ್ನು ಸಾಮಾನ್ಯವಾಗಿ ಮೊದಲ ಪ್ರಶ್ನೆಯ ಜಾಡಿನಲ್ಲೇ ಹೇಳುತ್ತಾರೆ. ಎರಡನೆಯದು ಬೇರೆಯದೇ ದಾರಿಯಲ್ಲಿ ಬೆಳೆದು ಬಂದಿದೆ.

ಮೊದಲ ಕವಲು 1960ರ ದಶಕದಲ್ಲಿ ಐಬಿಎಂ ರೂಪಿಸಿದ ಪಿಎಲ್/ಒನ್ ಭಾಷೆಯ ‘ಆನ್’ ಹೇಳಿಕೆಯಿಂದ ಹೊರಟು, ಜಾನ್ ಗುಡ್‌ಎನಫ್ ಅವರ 1975ರ ಪ್ರಬಂಧ, ಬಾರ್ಬರಾ ಲಿಸ್ಕೋವ್ ತಂಡದ ಕ್ಲೂ ಭಾಷೆಗಳನ್ನು ಹಾದು, 1983ರ ಅಡಾ ಭಾಷೆಯ ಮಾನಕದವರೆಗೆ ಬರುತ್ತದೆ. ಆ ಅಡಾದಲ್ಲಿ ‘ಫೈನಲಿ’, ಅಂದರೆ ಕೆಲಸ ಹೇಗೆ ಮುಗಿದರೂ ಕೊನೆಗೆ ನಡೆಯುವ ಭಾಗ, ಇರಲಿಲ್ಲ. ಫೈಲ್ ಮುಚ್ಚುವ ಸಾಲನ್ನು ಸುಗಮವಾಗಿ ಮುಗಿಯುವ ದಾರಿಯಲ್ಲೊಮ್ಮೆ, ತಪ್ಪಿನ ದಾರಿಯಲ್ಲೊಮ್ಮೆ ಬರೆಯಬೇಕಿತ್ತು. ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಎರಡನೆಯ ಕವಲು ಲಿಸ್ಪ್ ಭಾಷೆಯದು. ಒಳಗಿನಿಂದ ಒಮ್ಮೆಲೇ ಹೊರಗೆ ನೆಗೆಯಲು ಜನ ದೋಷ ಹಿಡಿಯುವ ‘ಎರ್‌ಸೆಟ್’ ಅನ್ನೇ ದುಡಿಸಿಕೊಳ್ಳುತ್ತಿದ್ದರು. 1972ರಲ್ಲಿ ಮ್ಯಾಕ್‌ಲಿಸ್ಪ್ ಅದಕ್ಕೆಂದೇ ‘ಕ್ಯಾಚ್’, ‘ಥ್ರೋ’ ಕೊಟ್ಟಿತು. ಆದರೆ ನೆಗೆದು ಹೋದವನು ತೆರೆದಿಟ್ಟ ಫೈಲುಗಳ ಪಾಡೇನು? ‘ಅನ್‌ವೈಂಡ್-ಪ್ರೊಟೆಕ್ಟ್’ ಹುಟ್ಟಿದ್ದು ಅದಕ್ಕಾಗಿ: ಕೆಲಸ ಸರಿಯಾಗಿ ಮುಗಿಯಲಿ, ಅರ್ಧಕ್ಕೆ ಮುರಿಯಲಿ, ಅದರೊಳಗಿನ ಕೊನೆಯ ಸಾಲುಗಳು ನಡೆದೇ ತೀರುತ್ತವೆ. ತಪ್ಪು ಏನೆಂದು ಅದು ವಿಚಾರಿಸುವುದಿಲ್ಲ. ಮಾಡ್ಯುಲಾ-3, ಜಾವಾ ಭಾಷೆಗಳ ‘ಫೈನಲಿ’ ಮಾಡುವುದೂ ಇದನ್ನೇ.

ಸಿ ಪ್ಲಸ್ ಪ್ಲಸ್ ಭಾಷೆಯನ್ನು ರೂಪಿಸಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಮಾತ್ರ ‘ಫೈನಲಿ’ ಬೇಡವೆಂದರು. ಅವರ ಭಾಷೆಯಲ್ಲಿ ವಸ್ತುವಿನ ಆಯುಷ್ಯ ಮುಗಿದಾಗ ತಾನಾಗಿ ನಡೆಯುವ ‘ಡಿಸ್ಟ್ರಕ್ಟರ್’ ಮೊದಲೇ ಇತ್ತು. ಎಕ್ಸೆಪ್ಶನ್ ಸಿ ಪ್ಲಸ್ ಪ್ಲಸ್‌ಗೆ ಸೇರಿದ್ದು ಎಷ್ಟೋ ವರ್ಷ ತಡವಾಗಿ, 1990ರಲ್ಲಿ. ಅಂದರೆ ಅಲ್ಲಿ ಶುಚಿಗೊಳಿಸುವ ವ್ಯವಸ್ಥೆಯೇ ಹಿರಿಯಣ್ಣ. ನನಗೆ ಇದೇ ಹೆಚ್ಚು ಒಪ್ಪಿಗೆಯಾದ ಮಾರ್ಗ: ಮುಚ್ಚುವ ಹೊಣೆ ವಸ್ತುವಿಗೇ ಅಂಟಿಕೊಂಡಿರುತ್ತದೆ, ಬರೆಯುವವನ ನೆನಪನ್ನು ನಂಬಬೇಕಿಲ್ಲ.

ಜಾವಾದ ಅನುಭವವೂ ಅದನ್ನೇ ಸಮರ್ಥಿಸುತ್ತದೆ. ‘ಫೈನಲಿ’ಯೊಳಗೆ ಫೈಲ್ ಮುಚ್ಚುವಾಗ ಇನ್ನೊಂದು ದೋಷ ಎದ್ದರೆ ಮೊದಲಿನ ದೋಷ ಸದ್ದಿಲ್ಲದೆ ಅಳಿದುಹೋಗುತ್ತಿತ್ತು. 2011ರ ಜಾವಾ 7 ತಂದ ಹೊಸ ‘ಟ್ರೈ’ ರೂಪದಲ್ಲಿ ಫೈಲ್ ತಾನೇ ಮುಚ್ಚಿಕೊಳ್ಳುತ್ತದೆ, ಮೊದಲಿನ ದೋಷವೂ ಉಳಿಯುತ್ತದೆ. ಪೈಥಾನ್ ತನ್ನ ‘ವಿತ್’ ಹೇಳಿಕೆಯಿಂದ 2006ರಲ್ಲೇ ಈ ಹಾದಿ ಹಿಡಿದಿತ್ತು.

ಈ ಖಾತ್ರಿಗೂ ಎಲ್ಲೆಯಿದೆ. ಜಾವಾದಲ್ಲಿ ‘ಸಿಸ್ಟಮ್ ಎಕ್ಸಿಟ್’ ಕರೆದು ಪ್ರೋಗ್ರಾಂ ನಿಲ್ಲಿಸಿದರೆ ‘ಫೈನಲಿ’ ನಡೆಯುವುದಿಲ್ಲ. ಕರೆಂಟ್ ಹೋದರೆ ಯಾವ ಭಾಷೆಯ ಯಾವ ಸಾಲೂ ನಡೆಯುವುದಿಲ್ಲ. ಅಲ್ಲಿಂದಾಚೆ ಲೆಕ್ಕ ಕಾಯುವುದು ಪ್ರತಿ ಬದಲಾವಣೆಯನ್ನೂ ಮುಂಚಿತವಾಗಿ ಡಿಸ್ಕಿನಲ್ಲಿ ಬರೆದಿಡುವ ಡೇಟಾಬೇಸಿನ ಕೆಲಸ.