ಅಂಗುಲದ 1440ನೆಯ ಪಾಲು

ಕಂಪ್ಯೂಟರಿನ ಪರದೆಯ ಮೇಲೆ ಒಂದು ಬಟನ್ ಎಲ್ಲಿ ಕೂರಬೇಕೆಂಬುದಕ್ಕೂ ಚರಿತ್ರೆಯಿದೆ. ತೊಂಬತ್ತರ ದಶಕದಲ್ಲಿ ಹೊರನಾಡಿನ ಕಚೇರಿಗಳಲ್ಲಿ ಕೆಲಸ ಕಲಿತ ನಮ್ಮಲ್ಲಿ ಹಲವರಿಗೆ ಅದು ವಿಷುವಲ್ ಬೇಸಿಕ್‌ನಿಂದ ಆರಂಭವಾಗುತ್ತದೆ.

ಅಲನ್ ಕೂಪರ್ 1988ರಲ್ಲಿ ಬಿಲ್ ಗೇಟ್ಸ್‌ಗೆ ತೋರಿಸಿದ 'ಟ್ರೈಪಾಡ್' ಎಂಬ ತಂತ್ರಾಂಶ ಮುಂದೆ 'ರೂಬಿ' ಎನಿಸಿಕೊಂಡಿತು. ಇಂದಿನ ರೂಬಿ ಭಾಷೆಗೂ ಇದಕ್ಕೂ ನಂಟಿಲ್ಲ. ಅದನ್ನು ಬೇಸಿಕ್ ಭಾಷೆಯೊಡನೆ ಬೆಸೆದು ಮೈಕ್ರೋಸಾಫ್ಟ್ 1991ರ ಮೇ ತಿಂಗಳಲ್ಲಿ ವಿಷುವಲ್ ಬೇಸಿಕ್ಕನ್ನು ಹೊರತಂದಿತು. ಸಿ ಭಾಷೆಯಲ್ಲಿ ಪುಟಗಟ್ಟಲೆ ಬರೆದು ಪಡೆಯುತ್ತಿದ್ದ ಕಿಟಕಿಯನ್ನು ಈಗ ರಂಗೋಲಿಯಂತೆ ಚುಕ್ಕಿಯಿಟ್ಟ ಫಾರ್ಮಿನ ಮೇಲೆ ಮೌಸ್‌ನಿಂದಲೇ ರಚಿಸಬಹುದಾಯಿತು.

ಪ್ರತಿಯೊಂದು ಬಟನ್ನಿಗೂ ನಾಲ್ಕು ಸಂಖ್ಯೆಗಳು: ಎಡ, ಮೇಲು, ಅಗಲ, ಎತ್ತರ. ಅಳತೆಯ ಮಾನ 'ಟ್ವಿಪ್'. ಮುದ್ರಣದವರ ಪಾಯಿಂಟ್‌ನ 20ನೆಯ ಒಂದು ಪಾಲು. ಅಂದರೆ ಅಂಗುಲಕ್ಕೆ 1440. ಯಾವ ಪರದೆಯಲ್ಲಾದರೂ ಅಳತೆ ಒಂದೇ ಇರಲಿ ಎಂಬುದು ಇದರ ಆಶಯ. ಆದರೆ ಪರದೆ ಇಡಿಯ ಪಿಕ್ಸೆಲ್ಲನ್ನಷ್ಟೇ ಬೆಳಗಿಸಬಲ್ಲದು. ಸಾಮಾನ್ಯ ಹೊಂದಿಕೆಯಲ್ಲಿ ಒಂದು ಪಿಕ್ಸೆಲ್‌ಗೆ 15 ಟ್ವಿಪ್, ದೊಡ್ಡ ಅಕ್ಷರದ ಹೊಂದಿಕೆಯಲ್ಲಿ 12. ಒಂದು ಯಂತ್ರದಲ್ಲಿ ಸಾಲಾಗಿ ನಿಂತ ಅಂಚುಗಳು ಇನ್ನೊಂದರಲ್ಲಿ ಕೂದಲೆಳೆಯಷ್ಟು ಸರಿಯುತ್ತಿದ್ದವು. ಆ ಅಂಗುಲವೂ ಅಳತೆಪಟ್ಟಿಯ ಅಂಗುಲವಲ್ಲ, ಲೆಕ್ಕದ ಅಂಗುಲ.

ನಮಗೆ ನಿಜವಾಗಿ ಪೆಟ್ಟು ಬಿದ್ದದ್ದು ಲಿಪಿಯ ವಿಷಯದಲ್ಲಿ. ಎಂಟು ಪಾಯಿಂಟ್‌ನ ಇಂಗ್ಲಿಷ್ ಅಕ್ಷರಕ್ಕೆ 195 ಟ್ವಿಪ್ ಎತ್ತರದ ಲೇಬಲ್ ಸಾಕು, 13 ಪಿಕ್ಸೆಲ್. ಅದೇ ಪೆಟ್ಟಿಗೆಯಲ್ಲಿ ಕನ್ನಡ ಕೂರಿಸಿದರೆ ಒತ್ತಕ್ಷರಕ್ಕೆ ಜಾಗವಿಲ್ಲ. 'ಮೊತ್ತ' ಎಂಬುದು 'ಮೊತ' ಆಗುತ್ತಿತ್ತು, 'ರದ್ದು' ಎಂಬುದು 'ರದು'. 'ರಾಷ್ಟ್ರ'ದ ಗತಿ ಹೇಳುವುದೇ ಬೇಡ. ಪೆಟ್ಟಿಗೆಯನ್ನು ಎತ್ತರಿಸೋಣವೆಂದರೆ ಅದು ಕೆಳಗಿನದರ ಮೇಲೆ ಏರಿ ಕೂರುತ್ತಿತ್ತು. ಆ ನಾಲ್ಕು ಸಂಖ್ಯೆಗಳಿಗೆ ನೆರೆಹೊರೆಯ ಅರಿವೇ ಇಲ್ಲ. ಒಂದನ್ನು ಎತ್ತರಿಸಿದರೆ ಉಳಿದವನ್ನೆಲ್ಲ ಕೈಯಾರೆ ಕೆಳಗಿಳಿಸಬೇಕು.

ಸೋಜಿಗವೆಂದರೆ, ನೆರೆಹೊರೆಯ ಅರಿವುಳ್ಳ ದಾರಿ ಅದಕ್ಕೂ ಹಳೆಯದು. 1963ರಲ್ಲಿ ಎಂಐಟಿಯ ಇವಾನ್ ಸದರ್‌ಲ್ಯಾಂಡ್ ಒಪ್ಪಿಸಿದ 'ಸ್ಕೆಚ್‌ಪ್ಯಾಡ್' ಪ್ರಬಂಧದಲ್ಲಿ, ಬೆಳಕಿನ ಲೇಖನಿಯಿಂದ ಒರಟಾಗಿ ಗೆರೆ ಎಳೆದು 'ಇವೆರಡೂ ಸಮಾಂತರವಾಗಿರಲಿ' ಎಂದು ಯಂತ್ರಕ್ಕೆ ನಿಬಂಧನೆ ಹಾಕಬಹುದಿತ್ತು. ಅಲನ್ ಬಾರ್ನಿಂಗ್ 1970ರ ದಶಕದ ಕೊನೆಗೆ 'ಥಿಂಗ್‌ಲ್ಯಾಬ್'ನಲ್ಲಿ ಅದೇ ಎಳೆಯನ್ನು ಹಿಡಿದರು; ಮುಂದೆ ಗೆಳೆಯರೊಡನೆ 'ಕ್ಯಾಸೊವರಿ' ಎಂಬ ಗಣನಕ್ರಮ ರೂಪಿಸಿದರು. 2011ರಲ್ಲಿ ಆ್ಯಪಲ್ ತನ್ನ 'ಆಟೊ ಲೇಔಟ್'ಗೆ ಬಳಸಿಕೊಂಡದ್ದು ಇದನ್ನೇ. ಇಲ್ಲಿ ಬಟನ್ನಿಗೆ ಹೇಳುವುದು 'ಮೇಲಿನ ಪೆಟ್ಟಿಗೆಯಿಂದ ಇಷ್ಟು ಕೆಳಗೆ ನಿಲ್ಲು' ಎಂದು. ಮೇಲಿನದು ಬೆಳೆದರೆ ಕೆಳಗಿನದು ತಾನೇ ಸರಿದುಕೊಳ್ಳುತ್ತದೆ.

ಆದರೂ ವಿನ್ಯಾಸಕಾರರು ಎತ್ತರವನ್ನು ಸಂಖ್ಯೆಯಲ್ಲೇ ಬಿಗಿದಿಟ್ಟ ಕಡೆ, 'ಮೊತ್ತ'ದ ಒತ್ತು ಇಂದಿಗೂ ಕತ್ತರಿಗೆ ಸಿಗುತ್ತದೆ.