ಕಂಪನವಿಸ್ತಾರ ಮಾಡ್ಯುಲೇಷನ್

ಧ್ವನಿಯ ಏರಿಳಿತಕ್ಕನುಗುಣವಾಗಿ ವಾಹಕತರಂಗದ ಕಂಪನವಿಸ್ತಾರವನ್ನು ಮಾತ್ರ ಬದಲಿಸುವ ರೇಡಿಯೋ ಪ್ರಸಾರವಿಧಾನ, ರೂಢಿಯಲ್ಲಿ ಎ.ಎಂ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮತರಂಗ ಪ್ರಸಾರವು ಇದಕ್ಕೆ ನಿದರ್ಶನ. ವಾಹಕದ ಇಕ್ಕೆಲಗಳಲ್ಲಿಯೂ ಪಾರ್ಶ್ವಪಟ್ಟಿಗಳುಂಟಾಗುವುದರಿಂದ, 4.5 ಕಿಲೋಹರ್ಟ್ಸ್‌ವರೆಗಿನ ಧ್ವನಿಗೆ 9 ಕಿಲೋಹರ್ಟ್ಸ್ ಅಗಲದ ಪಟ್ಟಿ ಬೇಕಾಗುವುದು. ಭಾರತದ ಮಧ್ಯಮತರಂಗದಲ್ಲಿ ಎರಡು ಸ್ಥಾನಗಳ ಅಂತರವೂ ಅಷ್ಟೇ ಆದಕಾರಣ 612ರ ನೆರೆಯವು 603 ಮತ್ತು 621. ಏಕಸ್ವರದ ಪೂರ್ಣ ಮಾಡ್ಯುಲೇಷನ್ನಿನಲ್ಲಿಯೂ ಶಕ್ತಿಯ ಮೂರರಲ್ಲೆರಡು ಪಾಲು ಯಾವ ಸಂದೇಶವನ್ನೂ ಹೊರದ ವಾಹಕಕ್ಕೇ ಸಲ್ಲುವುದು ದುಂದೇ ಸರಿ; ಆದರೂ ಒಂದೇ ಡಯೋಡು ಧ್ವನಿಯನ್ನು ಬೇರ್ಪಡಿಸಬಲ್ಲ ಅಗ್ಗದ ಗ್ರಾಹಕವು ಸಾಧ್ಯವಾದುದು ಈ ವಾಹಕದಿಂದಲೇ. ಮಿಂಚು ಹೊಡೆದಾಗ ಕೇಳಿಬರುವ ಕರಕರ ಸದ್ದು ಇದರ ಪ್ರಸಿದ್ಧ ದೋಷ. ಎರಡು ಪಾರ್ಶ್ವಪಟ್ಟಿಗಳೂ ಒಂದೇ ಸಂದೇಶವನ್ನು ಹೊರುವುದರಿಂದ ಒಂದನ್ನು ಕೈಬಿಡಬಹುದೆಂಬ ತತ್ತ್ವದ ಮೇಲೆ ಜಾನ್ ಕಾರ್ಸನ್ 1915ರಲ್ಲಿ ರೂಪಿಸಿದ ಏಕಪಾರ್ಶ್ವಪಟ್ಟಿ ವಿಧಾನಕ್ಕೆ ಅರ್ಧ ಅಗಲವೇ ಸಾಕು. ಹವ್ಯಾಸಿ ರೇಡಿಯೋದವರು ಇದನ್ನೇ ಬಹುವಾಗಿ ಬಳಸುವರು.