ಕಲ್ಯಾಣದ ಕಥೆಗಾರ ಬಿ. ಪುಟ್ಟಸ್ವಾಮಯ್ಯನವರು



ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಭೀಮರಾಯನಗುಡಿಯಲ್ಲಿ ಕಲ್ಯಾಣದ ಇತಿಹಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡುವ ಸಂದರ್ಭ ನಮಗೆ ಒದಗಿತ್ತು. ಮಂಗಲವಾದ ಮೇಲೆ ವಯೋವೃದ್ಧ ಭಕ್ತರೊಬ್ಬರು ಬಳಿಗೆ ಬಂದು, “ಅಪ್ಪೋರೆ, ಬಿಜ್ಜಳನ ಕತಿ ನೀವು ಅರ್ಧನೇ ಹೇಳೀರಿ. ಪೂರಾ ಕತಿ ಪುಟ್ಟಸ್ವಾಮಯ್ಯನವರ ಪುಸ್ತಕದಾಗ ಅದ ರೀ” ಎಂದರು. ಅದು ಕಾದಂಬರಿಯೆಂದು ನಾವು ತಿಳಿಹೇಳಿದರೆ, “ಕಾದಂಬರಿ ಆದರೇನ್ರಿ, ಓದಿದಾಗ ಕಣ್ಣಾಗ ನೀರು ಬಂದಾವ, ಸುಳ್ಳಿಗೆ ನೀರು ಬರ್ತಾವೇನ್ರಿ?” ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಾವು ತಕ್ಕ ಉತ್ತರ ಕೊಡಲಿಲ್ಲ. ಈ ಲೇಖನವೇ ಆ ಉತ್ತರವೆಂದು ವಾಚಕರು ಭಾವಿಸಬೇಕು.

ಬಿ. ಪುಟ್ಟಸ್ವಾಮಯ್ಯನವರು 1897ರಲ್ಲಿ ಜನಿಸಿ 1984ರಲ್ಲಿ ಲಿಂಗೈಕ್ಯರಾದರು. ಬೆಂಗಳೂರಿನವರು, ಪತ್ರಿಕಾ ವ್ಯವಸಾಯದಿಂದ ಬರೆವಣಿಗೆಗೆ ಬಂದವರು. ಪತ್ರಕರ್ತನಿಗೆ ನಾಳೆ ಎಂಬುದಿಲ್ಲ, ಇಂದೇ ಬರೆದು ಮುಗಿಸಬೇಕು. ಓದುಗನು ನಡುವೆ ಕೈಬಿಡದಂತೆ ಬರೆಯಬೇಕು. ಈ ಎರಡು ಗುಣಗಳೂ ಅವರ ನಾಟಕ ಕಾದಂಬರಿಗಳಲ್ಲಿ ಕೊನೆಯವರೆಗೂ ಉಳಿದವು.

ಅವರ ಹೆಸರು ಮೊದಲು ಮನೆಮಾತಾದದ್ದು ರಂಗಭೂಮಿಯಿಂದ. 1884ರಲ್ಲಿ ಸ್ಥಾಪನೆಗೊಂಡ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ನೇತೃತ್ವದಲ್ಲಿ ನಾಡಿಗೇ ದೊಡ್ಡ ಕಂಪನಿಯಾಗಿ ಬೆಳೆಯಿತು. ಆ ಕಂಪನಿಗಾಗಿ ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ವು 1930ರ ದಶಕದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಜನರನ್ನು ಬೆರಗುಗೊಳಿಸಿತು. ‘ದಶಾವತಾರ’, ‘ಅಕ್ಕಮಹಾದೇವಿ’ ಮೊದಲಾದ ನಾಟಕಗಳೂ ಅವರ ಲೇಖನಿಯಿಂದ ಬಂದವು. ಕಂಪನಿ ನಾಟಕವೆಂದರೆ ಮೂಗು ಮುರಿಯುವ ಪಂಡಿತರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, ಕನ್ನಡ ಶಾಲೆಯೇ ಅಪರೂಪವಾಗಿದ್ದ ನಮ್ಮ ಈ ಸೀಮೆಯಲ್ಲಿ ಮಠದ ಪುರಾಣ, ಊರ ಬಯಲಾಟ, ಜಾತ್ರೆಯ ನಾಟಕ ಇವು ಮೂರೇ ಜನರ ಗ್ರಂಥಾಲಯವಾಗಿದ್ದುವೆಂಬುದನ್ನು ನಾವು ಮರೆಯಲಾಗದು. ಅಕ್ಷರವಿಲ್ಲದವನಿಗೆ ನಾಟಕದ ಮಾತೇ ಗ್ರಂಥ.

ಸಾಮಾಜಿಕ ಕಾದಂಬರಿಗಳನ್ನೂ ಅವರು ಬರೆದರು. ‘ಅರ್ಧಾಂಗಿ’ ಎಂಬ ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1969ರಲ್ಲಿ ‘ಮಲ್ಲಮ್ಮನ ಪವಾಡ’ವೆಂಬ ಚಲನಚಿತ್ರವಾಗಿಸಿದರು. ಅದೇ ಕಥೆ ಮುಂದೆ ಅನ್ಯ ಭಾಷೆಗಳಿಗೂ ಹೋಗಿ, 1992ರ ಹಿಂದಿ ‘ಬೇಟಾ’ದವರೆಗೆ ಸಂಚರಿಸಿತು. ಆ ಚಿತ್ರವನ್ನು ನೋಡಿದ ಲಕ್ಷಾಂತರ ಜನರಲ್ಲಿ ಮೂಲ ಲೇಖಕನ ಹೆಸರು ಬಲ್ಲವರೆಷ್ಟು ಮಂದಿ? ಜನಪ್ರಿಯ ಲೇಖಕನ ವಿಧಿಯೇ ಹೀಗೆ: ಕಥೆ ಉಳಿಯುತ್ತದೆ, ಹೆಸರು ಅಳಿಯುತ್ತದೆ.

ಆದರೆ ಶರಣ ಸಮಾಜ ಅವರನ್ನು ನೆನೆಯಬೇಕಾದುದು ಬೇರೊಂದು ಮಹತ್ಕಾರ್ಯಕ್ಕಾಗಿ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಅವರು ‘ಉದಯರವಿ’, ‘ರಾಜ್ಯಪಾಲ’, ‘ಕಲ್ಯಾಣೇಶ್ವರ’, ‘ನಾಗಬಂಧ’, ‘ಮುಗಿಯದ ಕನಸು’, ‘ಕ್ರಾಂತಿ ಕಲ್ಯಾಣ’ ಎಂಬ ಆರು ಕಾದಂಬರಿಗಳ ಮಾಲೆಯನ್ನು ರಚಿಸಿದರು. ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅದೇ 1964ರಲ್ಲಿ ಫ. ಗು. ಹಳಕಟ್ಟಿಯವರು ಲಿಂಗೈಕ್ಯರಾದರೆಂಬುದು ಯೋಗಾಯೋಗ. ಓಲೆಗರಿಗಳನ್ನು ಮನೆಮನೆಯಿಂದ ಬೇಡಿ ತಂದು, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದವರು ಹಳಕಟ್ಟಿಯವರು. ಅವರು ಶರಣರ ಮಾತನ್ನು ನಮಗೆ ಮರಳಿ ಕೊಟ್ಟರು. ಪುಟ್ಟಸ್ವಾಮಯ್ಯನವರು ಆ ಶರಣರು ನಡೆದಾಡಿದ ಬೀದಿಯನ್ನು ಕಲ್ಪಿಸಿಕೊಟ್ಟರು. ಒಂದು ಸಂಶೋಧನೆ, ಇನ್ನೊಂದು ಸೃಷ್ಟಿ. ಎರಡೂ ಸೇವೆಯೇ; ಆದರೆ ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ನಮ್ಮ ತಪ್ಪನ್ನೇ ಇಲ್ಲಿ ನಿವೇದಿಸುವೆವು. ವಿದ್ಯಾರ್ಥಿ ದೆಸೆಯಲ್ಲಿ ನಾವು ಒಂದು ಪ್ರಬಂಧದಲ್ಲಿ ಬಿಜ್ಜಳನ ಆಸ್ಥಾನದ ಸಂಭಾಷಣೆಯೊಂದನ್ನು ಇತಿಹಾಸವೆಂದೇ ಬರೆದುಬಿಟ್ಟೆವು. ಗುರುಗಳು ಅದರ ಬದಿಯಲ್ಲಿ “ಆಕರವಾವುದು?” ಎಂದು ಕೆಂಪು ಶಾಯಿಯಲ್ಲಿ ಬರೆದರು. ಮೂರು ದಿನ ಶಾಸನ ಸಂಪುಟಗಳನ್ನೂ ಪುರಾಣಗಳನ್ನೂ ತಡಕಿದೆವು. ಸಿಗಲಿಲ್ಲ. ಬಾಲ್ಯದಲ್ಲಿ ಓದಿದ ಕಾದಂಬರಿಯ ಪುಟ ನಮ್ಮ ಮನಸ್ಸಿನಲ್ಲಿ ಶಾಸನವಾಗಿ ನಿಂತಿತ್ತು!

ಹಾಗಾದರೆ ಇತಿಹಾಸ ಹೇಳುವುದೇನು? ಕಳಚುರಿ ಬಿಜ್ಜಳನು ಚಾಲುಕ್ಯ ಮೂರನೆಯ ತೈಲಪನ ಮಹಾಮಂಡಲೇಶ್ವರನಾಗಿದ್ದು, ಕ್ರಮೇಣ ಅಧಿಕಾರವನ್ನು ಕೈವಶ ಮಾಡಿಕೊಂಡು, 1162ರ ಹೊತ್ತಿಗೆ ಸಾರ್ವಭೌಮ ಬಿರುದುಗಳನ್ನು ಧರಿಸಿದನೆಂಬುದು ಶಾಸನಸಿದ್ಧ. ಅವನ ಆಳ್ವಿಕೆ ಸುಮಾರು 1167ರಲ್ಲಿ ಕೊನೆಗೊಂಡು ಮಗ ಸೋವಿದೇವ ಪಟ್ಟಕ್ಕೆ ಬಂದನು. ಅಣ್ಣನವರನ್ನು ಹೆಸರಿಸುವ ಅರ್ಜುನವಾಡದ ಶಾಸನವಾದರೋ 1260ರದು, ಎಂದರೆ ಸುಮಾರು ಒಂದು ಶತಮಾನ ಈಚಿನದು. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣ ಇವು ಭಕ್ತಿಯಿಂದ ಹೊಮ್ಮಿದ ಕಾವ್ಯಗಳು. ಜೈನರ ‘ಬಿಜ್ಜಳರಾಯಚರಿತೆ’ ಅದೇ ಘಟನೆಗಳನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಹರಳಯ್ಯ ಮಧುವಯ್ಯರ ಕಣ್ಣು ಕೀಳಿಸಿದ ಪ್ರಸಂಗ ಹಳೆಯ ಪುರಾಣದಲ್ಲುಂಟು. ಅವರ ಮಕ್ಕಳ ವಿವಾಹದ ವೃತ್ತಾಂತ ವಿಸ್ತಾರಗೊಂಡುದು ಅನಂತರದ ಪುರಾಣಗಳಲ್ಲಿ. ಆಕರಗಳ ನಡುವಣ ಈ ಮೌನವನ್ನು ಇತಿಹಾಸಕಾರನು ಮೌನವಾಗಿಯೇ ಬಿಡಬೇಕು. ಕಾದಂಬರಿಕಾರನು ಅದನ್ನು ತುಂಬಬೇಕು. ತುಂಬುವುದು ಅವನ ಧರ್ಮ, ಅಪರಾಧವಲ್ಲ.

ಪುಟ್ಟಸ್ವಾಮಯ್ಯನವರ ಹಿರಿಮೆ ಇರುವುದೂ ಇಲ್ಲಿಯೇ. ‘ರಾಜ್ಯಪಾಲ’, ‘ಕಲ್ಯಾಣೇಶ್ವರ’ ಎಂಬ ಹೆಸರುಗಳೇ ಸೂಚಿಸುವಂತೆ, ಕಲ್ಯಾಣದ ಕ್ರಾಂತಿಯನ್ನು ಅವರು ಮಹಾಮನೆಯ ಅಂಗಳದಲ್ಲಷ್ಟೇ ಅಲ್ಲದೆ ಅರಮನೆಯ ಅಧಿಕಾರದಾಟದಲ್ಲಿಯೂ ನಿಲ್ಲಿಸಿ ನೋಡಿದರು. ಅವರ ತರುವಾಯ ಲಂಕೇಶರ ‘ಸಂಕ್ರಾಂತಿ’ (1971), ಶಿವಪ್ರಕಾಶರ ‘ಮಹಾಚೈತ್ರ’ (1986), ಕಾರ್ನಾಡರ ‘ತಲೆದಂಡ’ (1990) ನಾಟಕಗಳು ಅದೇ ಕಲ್ಯಾಣವನ್ನು ತಮ್ಮ ತಮ್ಮ ಕಾಲದ ಪ್ರಶ್ನೆಗಳೊಡನೆ ಹೊಕ್ಕವು. ಇವುಗಳಲ್ಲಿ ಕೆಲವು ನಮಗೆ ಒಪ್ಪಿಗೆಯಾಗಬಹುದು, ಕೆಲವು ಆಗದಿರಬಹುದು. ಒಪ್ಪಿಗೆಯಾದ ಕಲ್ಪನೆಯನ್ನು ಚರಿತ್ರೆಯೆಂದೂ, ಒಪ್ಪಿಗೆಯಾಗದ ಕಲ್ಪನೆಯನ್ನು ಅಪಚಾರವೆಂದೂ ಕರೆಯುವುದು ನ್ಯಾಯವಲ್ಲ. ಅಳತೆಗೋಲು ಎರಡಕ್ಕೂ ಒಂದೇ ಆಗಿರಬೇಕು. ಮೆಚ್ಚಿನ ಕಾದಂಬರಿಯನ್ನು ಶಾಸನವೆಂದು ನಂಬಿದವನು ನಾಳೆ ನಿಜವಾದ ಶಾಸನವೇ ಎದುರು ನುಡಿದರೆ, ಒಂದೋ ಶಾಸನವನ್ನು ಅಲ್ಲಗಳೆಯುತ್ತಾನೆ, ಇಲ್ಲವೇ ಶ್ರದ್ಧೆಯನ್ನೇ ಕಳೆದುಕೊಳ್ಳುತ್ತಾನೆ. ಎರಡೂ ಹಾನಿಯೇ.

ದೇವರ ದಾಸಿಮಯ್ಯನವರ ಮುದನೂರು, ಭೋಗಣ್ಣನವರ ಕೆಂಭಾವಿ ನಮ್ಮ ಸುರಪುರ ಸೀಮೆಯಲ್ಲಿಯೇ ಇವೆ. ನಾರಾಯಣಪುರದ ಜಲಾಶಯಕ್ಕೆ ಬಸವಸಾಗರವೆಂದೇ ಹೆಸರು. ಅದರ ಕಾಲುವೆಯ ನೀರು ಶಹಾಪುರ, ಸುರಪುರಗಳ ಹೊಲಗಳಿಗೆ ಹರಿಯುತ್ತಿದೆ. ಕಾಲುವೆಯ ಕಚೇರಿಗಳಿಂದಲೇ ಬೆಳೆದ ಭೀಮರಾಯನಗುಡಿಯ ಜನರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಬೆಳೆಗೆ ನೀರುಣಿಸುವುದು ಕಾಲುವೆಯೇ, ಆದರೆ ಕಾಲುವೆ ಹೊಳೆಯಲ್ಲ. ಪುಟ್ಟಸ್ವಾಮಯ್ಯನವರ ಕಾದಂಬರಿಗಳು ಅಂಥ ಕಾಲುವೆ. ಅವುಗಳಿಂದ ಸಾವಿರಾರು ಮನೆಗಳಿಗೆ ಕಲ್ಯಾಣದ ನೀರು ಹರಿಯಿತು. ಹೊಳೆಯನ್ನು ಕಾಣಬೇಕೆಂಬವರು ವಚನಗಳವರೆಗೆ, ಶಾಸನಗಳವರೆಗೆ ನಡೆದುಹೋಗಬೇಕು.

ಆ ಹಿರಿಯರಿಗೆ ನಮ್ಮ ಉತ್ತರವಿಷ್ಟೆ: ನಿಮ್ಮ ಕಣ್ಣೀರು ಸುಳ್ಳಲ್ಲ. ಶರಣರು ಪಟ್ಟ ಪಾಡಿಗೆ ಬಂದ ಕಣ್ಣೀರದು. ಆ ಪಾಡು ನಿಜ. ಅದನ್ನು ಹೇಳಿದ ಮಾತುಗಳು ಮಾತ್ರ ಕಥೆಗಾರನವು. ಪುಸ್ತಕವನ್ನು ಮನೆಯ ಮಕ್ಕಳ ಕೈಗೆ ಕೊಡಿ. ಕೊಡುವಾಗ ಈ ಮಾತನ್ನೂ ಹೇಳಿ ಕೊಡಿ.